ಒಲಿಂಪಿಕ್ಸ್‌ನಲ್ಲಿ ಇಲ್ಲದ ದೇಶ, ಪ್ಯಾರಾಲಿಂಪಿಕ್ಸ್‌ನಲ್ಲಿ 13 ಪದಕ: ಈ ಫ್ಯಾರೋದವರ ಕಥೆ ಏನು?

ಕ್ವಿಜ್ ಶಂಕ್ರಣ್ಣ

ನಮ್ಮ ಬಡಾವಣೆಯ ರಾಜ್ಯೋತ್ಸವದ ಕ್ವಿಜ್ ಈ ಸಲವೂ ನನ್ನ ತಲೆಗೇ ಬಂದಿದೆ. ಪ್ರತಿ ವರ್ಷ ಅದೇ ಜ್ಞಾನಪೀಠ, ಅದೇ ಜೋಗದ ಎತ್ತರ ಕೇಳಿ ಕೇಳಿ ಮಕ್ಕಳು ಉತ್ತರವನ್ನ ಪ್ರಶ್ನೆಗಿಂತ ಮೊದಲೇ ಹೇಳ್ತಾರೆ. ಅದಕ್ಕೆ ಪ್ಯಾರಾಲಿಂಪಿಕ್ಸ್ ಮೇಲೊಂದು ಸುತ್ತು ಇಡೋಣ ಅಂತ ಪದಕಗಳ ಲೆಕ್ಕ ಬರ್ಕೊಳ್ತಾ ಕೂತಿದ್ದೆ.

ಭಾರತದ್ದು ಹೀಗಿದೆ. 1972ರಲ್ಲಿ 1, 1984ರಲ್ಲಿ 4, 2004ರಲ್ಲಿ 2, 2012ರಲ್ಲಿ 1 (ನಮ್ಮ ಹಾಸನ ಜಿಲ್ಲೆಯ ಗಿರೀಶ್, ಹೈಜಂಪ್‌ನಲ್ಲಿ ಬೆಳ್ಳಿ), 2016ರಲ್ಲಿ 4. ಕೂಡಿದರೆ 12. ಟೋಕಿಯೊದಲ್ಲಿ 19, ಪ್ಯಾರಿಸ್‌ನಲ್ಲಿ 29 ಬಂದಿದ್ದು ಆಮೇಲಿನ ಮಾತು.

ಅದೇ ಪಟ್ಟಿಯಲ್ಲಿ ಕೆಳಗೆ ಫ್ಯಾರೋ ದ್ವೀಪಗಳು ಅಂತ ಒಂದು ಸಾಲು. 1 ಚಿನ್ನ, 7 ಬೆಳ್ಳಿ, 5 ಕಂಚು, ಒಟ್ಟು 13. ಎಲ್ಲಾ ಈಜಿನಲ್ಲೇ. ಜನಸಂಖ್ಯೆ ಸುಮಾರು 54 ಸಾವಿರ! ಅಂದ್ರೆ ಟೋಕಿಯೊ ಕೂಟ ಶುರುವಾಗೋ ತನಕ ನಮ್ಮ ಒಂದು ತಾಲೂಕು ಕೇಂದ್ರದಷ್ಟು ಜನರಿರೋ ದೇಶ ಒಟ್ಟು ಪದಕದಲ್ಲಿ ಭಾರತಕ್ಕಿಂತ ಒಂದು ಹೆಜ್ಜೆ ಮುಂದೆ ಇತ್ತು.

ಸರಿ, ಒಲಿಂಪಿಕ್ಸ್‌ನಲ್ಲಿ ಎಷ್ಟಿರಬಹುದು ಅಂತ ಹುಡುಕಿದರೆ ಆ ಪಟ್ಟಿಯಲ್ಲಿ ಹೆಸರೇ ಇಲ್ಲ. ಒಂದೂ ಪದಕ ಗೆದ್ದಿಲ್ಲ ಅಂತಲ್ಲ, ದೇಶವೇ ಇಲ್ಲ. ಇದು ಹೇಗೆ? ಬಲ್ಲವರು ಹೇಳಿ. ಪ್ರಶ್ನೆ ಕೇಳಿ ನಾನೇ ಸಿಕ್ಕಿಹಾಕ್ಕೊಳ್ಳೋದು ಬೇಡ.

ಆರ್ಹುಸ್ ಕನ್ನಡಿಗ

ಶಂಕ್ರಣ್ಣ, ಇದು ನನ್ನ ಪಕ್ಕದ ಮನೆಯ ವಿಷಯ. ಡೆನ್ಮಾರ್ಕಿಗೆ ಬಂದು ಹನ್ನೊಂದು ವರ್ಷ ಆಯ್ತು, ನನ್ನ ಆಫೀಸಿನಲ್ಲಿ ಇಬ್ಬರು ಫ್ಯಾರೋದವರು ಇದ್ದಾರೆ. ಅವರ ಮುಂದೆ "ನೀವು ಡ್ಯಾನಿಶರು ತಾನೆ" ಅಂದುಬಿಟ್ಟರೆ ಆ ದಿನ ಕಾಫಿಗೆ ಜೊತೆ ಸಿಗಲ್ಲ.

ಫ್ಯಾರೋ ಅಂದ್ರೆ ಉತ್ತರ ಅಟ್ಲಾಂಟಿಕ್‌ನಲ್ಲಿ, ಸ್ಕಾಟ್ಲೆಂಡಿಗೂ ಐಸ್‌ಲ್ಯಾಂಡಿಗೂ ನಡುವೆ ಇರೋ 18 ದ್ವೀಪ. ಡೆನ್ಮಾರ್ಕ್ ರಾಜಮನೆತನದ ಕೆಳಗೇ ಇದೆ. ಆದರೆ 1948ರಿಂದ ಸ್ವಯಮಾಡಳಿತ. ಅವರದೇ ಸಂಸತ್ತು, ಭಾಷೆ, ಬಾವುಟ. ಡೆನ್ಮಾರ್ಕ್ ಯುರೋಪಿಯನ್ ಒಕ್ಕೂಟದಲ್ಲಿದೆ, ಇವರು ಇಲ್ಲ.

ಒಲಿಂಪಿಕ್ಸ್ ವಿಷಯ: 1996ರಲ್ಲಿ ಒಲಿಂಪಿಕ್ ಸಮಿತಿ ತನ್ನ ನಿಯಮಾವಳಿ ಬಿಗಿ ಮಾಡಿತು. ಅಂತರರಾಷ್ಟ್ರೀಯ ಸಮುದಾಯ ಮಾನ್ಯ ಮಾಡಿದ ಸ್ವತಂತ್ರ ರಾಷ್ಟ್ರಕ್ಕೆ ಮಾತ್ರ ಹೊಸದಾಗಿ ಪ್ರವೇಶ. ಪೋರ್ಟೊ ರಿಕೊ, ಗುವಾಮ್, ಬರ್ಮುಡಾ, ಅರೂಬಾ ಕೂಡ ಸ್ವತಂತ್ರ ರಾಷ್ಟ್ರಗಳಲ್ಲ, ಆದರೆ ಅವೆಲ್ಲ ಅದಕ್ಕೂ ಮೊದಲೇ ಒಳಗೆ ಕೂತಿದ್ದವು, ಹಾಗಾಗಿ ಅವರನ್ನ ಯಾರೂ ಎಬ್ಬಿಸಲಿಲ್ಲ. ಫ್ಯಾರೋ ಬಾಗಿಲ ಹೊರಗೇ ಉಳಿಯಿತು.

ಪ್ಯಾರಾಲಿಂಪಿಕ್ಸ್ ಮನೆಯೇ ಬೇರೆ. ಅಲ್ಲಿಗೆ ಫ್ಯಾರೋ 1984ರಿಂದ ಸ್ವಂತ ಹೆಸರಲ್ಲಿ ಹೋಗ್ತಿದೆ. ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ ಹುಟ್ಟಿದ್ದೇ 1989ರಲ್ಲಿ, ಅಂದ್ರೆ ಸಮಿತಿಗಿಂತ ಮೊದಲೇ ಇವರು ಈಜುಕೊಳದಲ್ಲಿ ಇದ್ದರು. ಮಕಾವ್ ಕಥೆಯೂ ಇಂಥದ್ದೇ, ಪ್ಯಾರಾಲಿಂಪಿಕ್ಸ್‌ನಲ್ಲಿ ಉಂಟು, ಒಲಿಂಪಿಕ್ಸ್‌ನಲ್ಲಿ ಇಲ್ಲ.

ಇದರಿಂದ ಆಗೋ ವಿಚಿತ್ರ ನೋಡಿ. ಪಾಲ್ ಯೊಯೆನ್ಸೆನ್ ಅಂತ ಒಬ್ಬ ಈಜುಗಾರ ಇದ್ದಾರೆ, ಅಂಗವೈಕಲ್ಯ ಇಲ್ಲದವರು. 2010ರ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ 1500 ಮೀಟರ್ ಫ್ರೀಸ್ಟೈಲ್‌ನಲ್ಲಿ ಫ್ಯಾರೋ ಹೆಸರಲ್ಲೇ ಬೆಳ್ಳಿ ಗೆದ್ದರು. ಎರಡು ವರ್ಷ ಬಿಟ್ಟು ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ತಲೆ ಮೇಲೆ ಡೆನ್ಮಾರ್ಕಿನ ಟೋಪಿ. ಅದೇ ಊರಲ್ಲಿ ಕೆಲವೇ ವಾರ ಬಿಟ್ಟು ನಡೆದ ಪ್ಯಾರಾಲಿಂಪಿಕ್ಸ್‌ನಲ್ಲಿ ಕ್ರಿಸ್ಟಾ ಮೋರ್ಕೊರೆ ಅನ್ನೋ ಹುಡುಗಿ ಫ್ಯಾರೋ ಬಾವುಟದ ಕೆಳಗೇ ಈಜಿದಳು. ತಂಡದಲ್ಲಿ ಅವಳೊಬ್ಬಳೇ ಕ್ರೀಡಾಪಟು.

ಹುಬ್ಬಳ್ಳಿ ಮಂದಿ

ಅಲ್ರಿ ಯಪ್ಪಾ, ಇದೇನ್ರಿ! ಒಬ್ಬಾಕಿನ ಹೋದ್ರ ಬಾವುಟ ಹಿಡಿಯಾಕೂ ಅಕಿನ, ಈಜಾಕೂ ಅಕಿನ ಏನು?

ಫ್ಯಾರೋ ಅಂದ್ರ ನನಗ ನೆನಪಾಗೋದು ಫುಟ್‌ಬಾಲ್ ಮಾತ್ರ. 1990ರಾಗ ಆಸ್ಟ್ರಿಯಾಕ್ಕ 1-0 ಬಡದ್ರಲ್ಲ. ಗೋಲ್‌ಕೀಪರ್ ತಲಿಗೆ ಉಣ್ಣಿ ಟೊಪಗಿ ಹಾಕ್ಕೊಂಡ ನಿಂತಿದ್ದ, ನಮ್ಮ ಕಾಕಾ ಇವತ್ತಿಗೂ ಅದನ್ನ ಹೇಳ್ತಾನ. ತಮ್ಮ ಊರಾಗ ಹುಲ್ಲಿನ ಮೈದಾನ ಇರಲಿಲ್ಲಂತ ಸ್ವೀಡನ್ನಿಗೆ ಹೋಗಿ ಆಡಿದ್ರು.

ಲೆಕ್ಕದ ಗೌಡ

ಎಲ್ಲರೂ ಭಾವುಕರಾಗೋಕೆ ಮೊದಲು ಒಂದು ಲೆಕ್ಕ ಮಾಡೋಣ. ಆ ಒಂದೇ ಚಿನ್ನ ಬಂದಿದ್ದು 1988ರ ಸೋಲ್‌ನಲ್ಲಿ, ಕ್ರಿಸ್ಟಿನಾ ನೆಸ್ ಅನ್ನೋರಿಗೆ. ಆಗ ಒಟ್ಟು ಸ್ಪರ್ಧೆಗಳು ಎಷ್ಟಿದ್ದವು ಗೊತ್ತಾ? 700ಕ್ಕೂ ಹೆಚ್ಚು. ಬೀಜಿಂಗ್‌ಗೆ ಬರೋ ಹೊತ್ತಿಗೆ 472. ಆಗ ಅಂಗವೈಕಲ್ಯದ ವರ್ಗಗಳು ಒಂದಕ್ಕೆ ಹತ್ತು ಇದ್ದವು, ಒಂದೊಂದು ವರ್ಗಕ್ಕೂ ಬೆರಳೆಣಿಕೆಯ ಜನ. ಪದಕ ಸಿಗೋದು ಈಗಿನಷ್ಟು ಕಷ್ಟ ಇರಲಿಲ್ಲ. ಭಾರತ 12, ಫ್ಯಾರೋ 13 ಅನ್ನೋದು ಕ್ವಿಜ್‌ಗೆ ಚೆನ್ನ, ಅದರಿಂದ ದೊಡ್ಡ ಪಾಠ ತೆಗೆಯೋದು ಬೇಡ.

ಪೀಟಿ ಮೇಷ್ಟ್ರು

ಗೌಡ್ರೇ, ಅರ್ಧ ಸರಿ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ, ಒಂದಿಷ್ಟು ವರ್ಷ ನಮ್ಮ ಜಿಲ್ಲೆಯ ವಿಶೇಷ ಚೇತನ ಮಕ್ಕಳನ್ನ ಕೂಟಗಳಿಗೆ ಕರ್ಕೊಂಡು ಓಡಾಡಿದ್ದೀನಿ. ವರ್ಗೀಕರಣ ಅರ್ಥ ಆಗೋದಕ್ಕೇ ನನಗೆ ಎರಡು ವರ್ಷ ಹಿಡೀತು. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಹಿಂದೆ ವರ್ಗ ಮಾಡ್ತಾ ಇದ್ದಿದ್ದು ಡಾಕ್ಟರ್ ಚೀಟಿ ನೋಡಿ. ಬೆನ್ನುಹುರಿಯ ಪೆಟ್ಟು ಒಂದು ಗುಂಪು, ಕೈ ಕಾಲು ಇಲ್ಲದವರು ಇನ್ನೊಂದು, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತ ತಪ್ಪೋದು) ಮತ್ತೊಂದು, ಪ್ರತಿ ಗುಂಪಿಗೂ ಮತ್ತೆ ಒಳಗುಂಪು. ಅದಕ್ಕೇ ಅಷ್ಟೊಂದು ಸ್ಪರ್ಧೆ. 1992ರ ಬಾರ್ಸಿಲೋನಾ ಹೊತ್ತಿಗೆ ಈಜಿನಲ್ಲಿ ಇದು ಬದಲಾಯ್ತು. ಕಾಯಿಲೆ ಯಾವುದು ಅಂತಲ್ಲ, ನೀರಿನಲ್ಲಿ ಈ ದೇಹ ಏನು ಮಾಡಬಲ್ಲದು ಅಂತ ನೋಡೋಕೆ ಶುರು ಮಾಡಿದರು. ಎಸ್1ರಿಂದ ಎಸ್10 ದೈಹಿಕ ವೈಕಲ್ಯ. ಸಂಖ್ಯೆ ಕಡಿಮೆ ಆದಷ್ಟೂ ತೊಂದರೆ ಹೆಚ್ಚು. 11, 12, 13 ದೃಷ್ಟಿದೋಷ. 14 ಬೌದ್ಧಿಕ ವೈಕಲ್ಯ. ಬ್ರೆಸ್ಟ್‌ಸ್ಟ್ರೋಕ್‌ಗೆ ಬೇರೆ ಸಂಖ್ಯೆ ಕೊಡ್ತಾರೆ, ಅಲ್ಲಿ ಕಾಲಿನ ಕೆಲಸ ಜಾಸ್ತಿ. ಕೃತಕ ಕಾಲು ಕೈ ಏನಿದ್ದರೂ ದಡದಲ್ಲೇ ಬಿಟ್ಟು ಇಳೀಬೇಕು. ಜಿಗಿಯಲು ಆಗದವರು ನೀರಿನೊಳಗಿಂದಲೇ ಶುರು ಮಾಡಬಹುದು.

ಈಗ ಫ್ಯಾರೋಗೆ ಬರ್ತೀನಿ. ಅವರ ದೊಡ್ಡ ಹೆಸರು 1988ರದ್ದಲ್ಲ. ಹೈಡಿ ಆಂಡ್ರಿಯಾಸೆನ್. 2000ದ ಸಿಡ್ನಿಯಲ್ಲಿ ಹದಿನೈದರ ಆಸುಪಾಸಿನ ಹುಡುಗಿ, ನಾಲ್ಕು ಪದಕ, ಮೂರು ಬೆಳ್ಳಿ ಒಂದು ಕಂಚು. ಎಂಟು ವರ್ಷ ಬಿಟ್ಟು ಬೀಜಿಂಗ್‌ನಲ್ಲೂ ಪದಕ. ಇದೆಲ್ಲ ಹೊಸ ವರ್ಗೀಕರಣ ಬಂದ ಮೇಲಿನದ್ದು, ಎದುರಿಗಿದ್ದಿದ್ದು ಅಮೆರಿಕ, ಆಸ್ಟ್ರೇಲಿಯಾ, ಬ್ರಿಟನ್. ಅದನ್ನ ಸುಲಭ ಅಂತ ತಳ್ಳಿಹಾಕೋಕೆ ಆಗಲ್ಲ.

ಲೆಕ್ಕದ ಗೌಡ

ಸರಿ ಮೇಷ್ಟ್ರೇ, ಹೈಡಿ ವಿಷಯ ಒಪ್ಕೊಂಡೆ. ಆದರೆ ಬೀಜಿಂಗ್ ಆದಮೇಲೆ? ಲಂಡನ್ ಖಾಲಿ, ರಿಯೊ ಖಾಲಿ, ಟೋಕಿಯೊ, ಪ್ಯಾರಿಸ್ ಎರಡೂ ಖಾಲಿ. ಹೈಡಿ ಒಬ್ಬಳು ನಿಲ್ಲಿಸಿದಳು, ದೇಶದ ಪದಕವೂ ನಿಂತಿತು. ಇದನ್ನ ಕ್ರೀಡಾ ವ್ಯವಸ್ಥೆ ಅಂತ ಕರೀಬಹುದಾ, ಇಲ್ಲ ಅದೃಷ್ಟ ಅನ್ನಬೇಕಾ?

ಆರ್ಹುಸ್ ಕನ್ನಡಿಗ

54 ಸಾವಿರ ಜನರಲ್ಲಿ ಪ್ರತಿ ತಲೆಮಾರಿಗೂ ಒಬ್ಬ ಹೈಡಿ ಹುಟ್ಟಬೇಕು ಅನ್ನೋದೇ ಅನ್ಯಾಯ ಗೌಡ್ರೇ. ನನ್ನ ಸಹೋದ್ಯೋಗಿ ಹೇಳೋದು ಇಷ್ಟು: "ನಮ್ಮಲ್ಲಿ ಒಳ್ಳೆಯ ಪಿಟೀಲುವಾದಕ ಬೇಕಾದರೂ ಇಷ್ಟೇ ಜನರೊಳಗೆ ಹುಡುಕಬೇಕು, ಹಲ್ಲು ಡಾಕ್ಟರ್ ಬೇಕಾದರೂ ಇಷ್ಟೇ ಜನರೊಳಗೆ."

ಪ್ರಯಾಣವೂ ಸೇರಿಸ್ಕೊಳ್ಳಿ. ಇಡೀ ದೇಶಕ್ಕೆ ಒಂದೇ ವಿಮಾನ ನಿಲ್ದಾಣ, ವೋಗರ್ ದ್ವೀಪದಲ್ಲಿ. ಮಂಜು ಕವಿದರೆ ವಿಮಾನ ಇಳಿಯೋ ಹಾಗಿಲ್ಲ. ನಾನು ಹೋದಾಗ ಮೊದಲ ಸಲ ದ್ವೀಪದ ಮೇಲೆ ಎರಡು ಸುತ್ತು ಹೊಡೆದು ಬಂದ ದಾರಿಯಲ್ಲೇ ವಾಪಸ್ಸಾಯ್ತು. ಹಡಗು ಹಿಡಿದರೆ ಒಂದು ಹಗಲು ಒಂದು ರಾತ್ರಿಗಿಂತ ಜಾಸ್ತಿ. ವರ್ಗೀಕರಣ ಆಗಬೇಕಾದರೂ, ಅರ್ಹತಾ ಸಮಯ ದಾಖಲಾಗಬೇಕಾದರೂ ಹೊರದೇಶದ ಕೂಟಕ್ಕೇ ಹೋಗಬೇಕು. ಊರಿನ ಕೊಳದಲ್ಲಿ ವಿಶ್ವದಾಖಲೆ ವೇಗದಲ್ಲಿ ಈಜಿದರೂ ಅದನ್ನ ಬರ್ಕೊಳ್ಳೋಕೆ ಅಲ್ಲಿ ಯಾರೂ ಇರಲ್ಲ.

ಪೀಟಿ ಮೇಷ್ಟ್ರು

ಕ್ರಿಸ್ಟಾ ಮೋರ್ಕೊರೆ ಹೆಸರು ಬಂತಲ್ಲ, ಅದರ ಹಿಂದೆ ಒಂದು ಕಥೆ ಇದೆ, ಬಿಟ್ಟರೆ ಮನಸ್ಸಿಗೆ ಸಮಾಧಾನ ಇಲ್ಲ.

ಅವಳು ಎಸ್14, ಬೌದ್ಧಿಕ ವೈಕಲ್ಯದ ವರ್ಗ. ಹೈಡಿ ನಾಲ್ಕು ಪದಕ ಗೆದ್ದ ಅದೇ ಸಿಡ್ನಿ ಕೂಟದಲ್ಲಿ ಸ್ಪೇನ್‌ನ ಬಾಸ್ಕೆಟ್‌ಬಾಲ್ ತಂಡ ಈ ವರ್ಗದಲ್ಲಿ ಚಿನ್ನ ಹೊಡೀತು. ಆಮೇಲೆ ಗೊತ್ತಾಯ್ತು, 12 ಆಟಗಾರರಲ್ಲಿ 10 ಜನಕ್ಕೆ ಯಾವ ಬೌದ್ಧಿಕ ವೈಕಲ್ಯವೂ ಇರಲಿಲ್ಲ. ಸುಮ್ಮನೆ ತಂದು ಆಡಿಸಿದ್ದರು. ಚಿನ್ನ ವಾಪಸ್ ಹೋಯ್ತು. ಆದರೆ ಹೊಡೆತ ಬಿದ್ದಿದ್ದು ನಿಜವಾಗಿ ಆ ವರ್ಗಕ್ಕೆ ಸೇರಿದ ಪ್ರಪಂಚದ ಎಲ್ಲ ಮಕ್ಕಳಿಗೆ. ವರ್ಗವನ್ನೇ ತೆಗೆದುಹಾಕಿದರು. ಅಥೆನ್ಸ್‌ನಲ್ಲಿ ಇಲ್ಲ, ಬೀಜಿಂಗ್‌ನಲ್ಲಿ ಇಲ್ಲ. ಪರೀಕ್ಷೆಯ ಕ್ರಮ ಹೊಸದಾಗಿ ಕಟ್ಟಿ 2012ರ ಲಂಡನ್‌ಗೆ ವಾಪಸ್ ತಂದರು, ಅದೂ ಅಥ್ಲೆಟಿಕ್ಸ್, ಈಜು, ಟೇಬಲ್ ಟೆನಿಸ್ ಮೂರಕ್ಕೆ ಮಾತ್ರ.

ಆ ಬಾಗಿಲು ತೆರೆದ ವರ್ಷವೇ ಫ್ಯಾರೋದ ಒಬ್ಬಳೇ ಹುಡುಗಿ ಒಳಗೆ ಬಂದಿದ್ದು. ಪಕ್ಕದ ಐಸ್‌ಲ್ಯಾಂಡ್‌ನ ಯೋನ್ ಮಾರ್ಗೇರ್ ಸ್ವೆರಿಸನ್ ಅದೇ ಕೂಟದಲ್ಲಿ ಎಸ್14ರ 200 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದ. ಐಸ್‌ಲ್ಯಾಂಡ್ ಕೂಡ ಅಷ್ಟಕ್ಕಷ್ಟೇ, ನಾಲ್ಕು ಲಕ್ಷವೂ ತುಂಬದ ಜನ. ದೊಡ್ಡ ದೇಶವೊಂದು ಮಾಡಿದ ಮೋಸಕ್ಕೆ ಸಣ್ಣ ದೇಶಗಳು ಎರಡು ಕೂಟ ಕಾದು ಕೂತವು. ಸಿಡ್ನಿಯಿಂದ ಲಂಡನ್‌ವರೆಗಿನ ಆ ಹನ್ನೆರಡು ವರ್ಷದಲ್ಲಿ ವಯಸ್ಸು ಮೀರಿದವರು ಎಷ್ಟು ಜನರೋ.

ಕಡಲತಡಿ ಹುಡುಗ

ನಮ್ಮ ಕಾರವಾರ, ಭಟ್ಕಳದ ಹುಡುಗರು ನಡೆಯೋಕೆ ಮೊದಲು ಈಜ್ತಾರೆ. ಫ್ಯಾರೋದವರೂ ಮೀನುಗಾರರೇ ಅಂತ ಕೇಳಿದೆ. ಎಲ್ಲಾ ಪದಕ ಈಜಿನಲ್ಲೇ ಬಂದಿದ್ದಕ್ಕೆ ಅದೇ ಕಾರಣನಾ?

ಆರ್ಹುಸ್ ಕನ್ನಡಿಗ

ತಮ್ಮಾ, ಅಲ್ಲಿನ ಕಡಲಿಗೆ ಒಮ್ಮೆ ಕಾಲಿಟ್ಟು ನೋಡು. ಚಳಿಗಾಲದಲ್ಲಿ ನೀರು 6 ಡಿಗ್ರಿ, ಬೇಸಿಗೆಯಲ್ಲಿ ಬಹಳ ಅಂದ್ರೆ 11. ನಾನು ಪ್ಯಾಂಟ್ ಮಡಚಿ ಮಂಡಿವರೆಗೆ ಇಳಿದೆ, ಎರಡು ನಿಮಿಷಕ್ಕೆ ಪಾದ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಈಜು ಕಲಿಯೋದೆಲ್ಲ ಮುಚ್ಚಿದ ಕೊಳದಲ್ಲಿ.

ಕೊಳದ ಬಗ್ಗೆಯೇ ಒಂದು ಮಾತು. ಪಾಲ್ ಯೊಯೆನ್ಸೆನ್ ಹುಟ್ಟಿದ್ದು ದಕ್ಷಿಣದ ದ್ವೀಪದ ವಾಗುರ್ ಅನ್ನೋ ಊರಲ್ಲಿ. ಒಂದೂವರೆ ಸಾವಿರ ಜನವೂ ಇಲ್ಲ. ಅವನು ಬೆಳೆದಿದ್ದು 25 ಮೀಟರ್ ಕೊಳದಲ್ಲಿ. ಅವನು ಪದಕ ತಂದಮೇಲೆ ಆ ಊರಲ್ಲೇ 50 ಮೀಟರ್ ಕೊಳ ಕಟ್ಟಿದರು, 2015ರಲ್ಲಿ ಶುರುವಾಯ್ತು, ಹೆಸರೇ ಪಾಲನ ಸಭಾಂಗಣ ಅಂತ. ಅಷ್ಟು ಚಿಕ್ಕ ಊರಿಗೆ ಒಲಿಂಪಿಕ್ ಅಳತೆಯ ಕೊಳ! ನಾವಾದರೆ ಪುತ್ಥಳಿ ನಿಲ್ಲಿಸ್ತಿದ್ವಿ.

ಕ್ವಿಜ್ ಶಂಕ್ರಣ್ಣ

ಪುತ್ಥಳಿ ಅಲ್ಲ, ಸರ್ಕಲ್‌ಗೆ ಹೆಸರು.

ಈಜು ಅಂದಾಗ ಇನ್ನೊಂದು ಸಿಕ್ತು. ಭಾರತದ ಮೊಟ್ಟಮೊದಲ ಪ್ಯಾರಾಲಿಂಪಿಕ್ ಪದಕವೂ ಈಜಿನಲ್ಲೇ. 1972, ಜರ್ಮನಿಯ ಹೈಡೆಲ್‌ಬರ್ಗ್, ಮುರಳಿಕಾಂತ್ ಪೇಟ್ಕರ್, 50 ಮೀಟರ್ ಫ್ರೀಸ್ಟೈಲ್, ವಿಶ್ವದಾಖಲೆಯ ಚಿನ್ನ. 1965ರ ಯುದ್ಧದಲ್ಲಿ ಗುಂಡು ತಿಂದ ಯೋಧ. ಅದಾದಮೇಲೆ ಐವತ್ತು ವರ್ಷ ಕಳೆದರೂ ಈಜಿನಲ್ಲಿ ನಮಗೆ ಎರಡನೇ ಪದಕ ಬಂದಿಲ್ಲ. 60 ಪದಕಗಳಲ್ಲಿ ಈಜಿಗೆ ಆ ಒಂದೇ. ಬೆಂಗಳೂರಿನ ಶರತ್ ಗಾಯಕವಾಡ್ ಲಂಡನ್‌ಗೆ ಹೋದರು, ನಿರಂಜನ್ ಮುಕುಂದನ್ ಟೋಕಿಯೊಗೆ ಹೋದರು. ಶರತ್ 2014ರ ಏಷ್ಯನ್ ಪ್ಯಾರಾ ಕೂಟದಲ್ಲಿ ಆರು ಪದಕ ತಂದರು. ಆದರೆ ಪ್ಯಾರಾಲಿಂಪಿಕ್ ಪದಕ ಇಲ್ಲ. ಜಾವೆಲಿನ್, ಹೈಜಂಪ್, ಬ್ಯಾಡ್ಮಿಂಟನ್, ಶೂಟಿಂಗ್‌ನಲ್ಲಿ ಇಷ್ಟೊಂದು ಬಂದು ಈಜಿನಲ್ಲಿ ಯಾಕೆ ಇಲ್ಲ?

ಮೈಸೂರು ಮಲ್ಲಿಗೆ

ನಾನು ಇಲ್ಲಿ ಓದೋದೇ ಜಾಸ್ತಿ, ಬರೆಯೋದು ಕಮ್ಮಿ. ಶಂಕ್ರಣ್ಣನ ಕೊನೆಯ ಪ್ರಶ್ನೆಗೆ ನನಗೆ ಗೊತ್ತಿರೋ ಉತ್ತರ ಇದು. ದೊಡ್ಡ ಉತ್ತರ ಅಲ್ಲ.

ನನ್ನ ಮಗಳಿಗೆ ಹನ್ನೊಂದು. ಹುಟ್ಟಿನಿಂದ ಎಡಗೈ ಎಡಗಾಲು ಬಿಗಿ, ಸೆರೆಬ್ರಲ್ ಪಾಲ್ಸಿ. ಫಿಸಿಯೊಥೆರಪಿ ಮಾಡೋರು ಹೇಳಿದರು, ನೀರಿಗೆ ಇಳಿಸಿ, ನೀರಲ್ಲಿ ಸ್ನಾಯು ಸಡಿಲ ಆಗುತ್ತೆ ಅಂತ. ನಮ್ಮ ಮನೆ ಹತ್ತಿರದ ಒಂದು ಕೊಳಕ್ಕೆ ಹೋದ್ವಿ. ಹೆಸರು ಹೇಳಲ್ಲ, ಮತ್ತೆ ಅಲ್ಲೇ ಓಡಾಡಬೇಕು. ಫಾರಂ ತುಂಬಿದೆ, ದುಡ್ಡು ಕಟ್ಟಿದೆ. ಮೂರನೇ ದಿನ ಮ್ಯಾನೇಜರ್ ಪಕ್ಕಕ್ಕೆ ಕರೆದರು. "ಮೇಡಂ, ಬೇರೆ ಪೇರೆಂಟ್ಸ್ ಕೇಳ್ತಿದ್ದಾರೆ, ಇದು ಅಂಟುತ್ತಾ ಅಂತ." ನಾನು ಇಲ್ಲ ಅಂದೆ. "ನಮಗೆ ಗೊತ್ತು ಮೇಡಂ, ಆದ್ರೂ ಅವರಿಗೆ ಹೇಗೆ ಹೇಳೋದು? ಮಧ್ಯಾಹ್ನ ಒಂದು ಗಂಟೆಗೆ ಬನ್ನಿ, ಆಗ ಯಾರೂ ಇರಲ್ಲ." ಮಧ್ಯಾಹ್ನ ಒಂದು ಗಂಟೆಗೆ ಅವಳು ಸ್ಕೂಲಲ್ಲಿ ಇರ್ತಾಳೆ. ಅವರಿಗೂ ಅದು ಗೊತ್ತು.

ಜಗಳ ಆಡೋ ಶಕ್ತಿ ಆವತ್ತು ನನ್ನಲ್ಲಿ ಇರಲಿಲ್ಲ. ದುಡ್ಡು ವಾಪಸ್ ಕೊಟ್ಟರು, ಅದನ್ನ ಹೇಳಲೇಬೇಕು, ಒಂದು ರೂಪಾಯಿ ಹಿಡ್ಕೊಳ್ಳಲಿಲ್ಲ. ಆಟೋದಲ್ಲಿ ಮಗಳು ಕೇಳಿದಳು, "ನಾನು ಚೆನ್ನಾಗಿ ಈಜಲಿಲ್ವಾ?" ಅಂತ.

ಈಗ ಬೇರೆ ಕಡೆ ಹೋಗ್ತೀವಿ. ದೂರ, ಎರಡು ಬಸ್. ಅಲ್ಲಿ ಯಾರೂ ಏನೂ ಅನ್ನಲ್ಲ, ಕೋಚ್ ಕೂಡ ಒಳ್ಳೆಯವರು. ತೊಂದರೆ ಏಣಿಯದ್ದು. ಸ್ಟೀಲ್ ಕಂಬಿಯ ನೆಟ್ಟಗಿನ ಏಣಿ, ಎರಡು ಕೈಯಲ್ಲೂ ಬಿಗಿಯಾಗಿ ಹಿಡೀಬೇಕು. ಅವಳಿಗೆ ಒಂದೇ ಕೈ ಹಿಡಿತ. ಇಳಿಯೋವಾಗ ನಾನು ಮೇಲಿಂದ, ಕೋಚ್ ಕೆಳಗಿಂದ. ಹತ್ತೋವಾಗ ಕೆಲವೊಮ್ಮೆ ಕಾಲು ಜಾರುತ್ತೆ, ಮೊಣಕಾಲು ಉಜ್ಜುತ್ತೆ. ನೀರಲ್ಲಿ ಇರೋ ಮುಕ್ಕಾಲು ಗಂಟೆ ಅವಳು ಬೇರೆ ಮಗುವೇ. ಏಣಿ ಹತ್ತಿದ ತಕ್ಷಣ ಮತ್ತೆ ಎಲ್ಲರೂ ನೋಡ್ತಾರೆ.

ಫ್ಯಾರೋದಲ್ಲಿ ಮಕ್ಕಳನ್ನ ಹೇಗೆ ಇಳಿಸ್ತಾರೆ? ಆರ್ಹುಸ್‌ನವರೇ, ನೀವು ನೋಡಿದ್ದೀರಾ?

ಹುಬ್ಬಳ್ಳಿ ಮಂದಿ

ಅಂಟತೈತಿ ಅಂದ್ರ? ಓದಿದ ಮಂದೀನ ಹಿಂಗ ಕೇಳ್ತಾರಲ್ರಿ ಅಕ್ಕಾರ. ನನಗ ಸಿಟ್ಟು ಬಂದು ಚಹಾ ಆರಿಹೋತು.

ಆರ್ಹುಸ್ ಕನ್ನಡಿಗ

ಅಕ್ಕ, ಫ್ಯಾರೋದ ಕೊಳದೊಳಗೆ ನಾನು ಹೋಗಿಲ್ಲ, ಸುಳ್ಳು ಹೇಳಲ್ಲ. ಇಲ್ಲಿ ಆರ್ಹುಸ್‌ನಲ್ಲಿ ನಾನು ಹೋಗೋ ಕೊಳದ್ದು ಹೇಳ್ತೀನಿ. ಒಂದು ಬದಿಯಲ್ಲಿ ಅಗಲವಾದ ಮೆಟ್ಟಿಲು, ಕೈಹಿಡಿ ಸಮೇತ. ಇನ್ನೊಂದು ಕಡೆ ಕುರ್ಚಿ ಥರದ ಎತ್ತುಯಂತ್ರ, ಕೂತರೆ ನಿಧಾನಕ್ಕೆ ನೀರಿಗೆ ಇಳಿಸುತ್ತೆ. ಅದನ್ನ ಜಾಸ್ತಿ ಬಳಸೋದು ಮಂಡಿನೋವಿನ ಅಜ್ಜಿಯರು. ಅದಕ್ಕೇ ಯಾರೂ ತಿರುಗಿ ನೋಡಲ್ಲ.

ಒಂಟಿ ಅಂಗೈ

ಮೇಷ್ಟ್ರು ಹೊರಗಿನಿಂದ ಹೇಳಿದ್ದನ್ನ ನಾನು ಒಳಗಿನಿಂದ ಹೇಳ್ತೀನಿ. ನನಗೆ ಬಲ ಮುಂಗೈ ಇಲ್ಲ, ಹುಟ್ಟಿನಿಂದ. ರಾಷ್ಟ್ರಮಟ್ಟದಲ್ಲಿ ನಾಲ್ಕು ವರ್ಷ ಈಜಿದ್ದೀನಿ. ಪದಕ ಗೋಡೆ ಮೇಲಿದೆ, ಕೆಲಸ ಬ್ಯಾಂಕಲ್ಲಿದೆ.

ಮೊದಲು ಅಕ್ಕನಿಗೆ. ಮೆಟ್ಟಿಲು ಕಟ್ಟೋಕೆ ಅರ್ಜಿ ಹಾಕಿ ಕಾಯೋ ಹೊತ್ತಿಗೆ ಮಗು ಕಾಲೇಜಿಗೆ ಹೋಗಿರುತ್ತೆ. ನಾವು ಮಾಡ್ತಾ ಇದ್ದಿದ್ದು ಹೀಗೆ: ಕೊಳದ ಆಳ ಕಡಿಮೆ ಇರೋ ತುದಿಯಲ್ಲಿ ನೀರೊಳಗೆ ಒಂದು ಅಗಲ ಸ್ಟೂಲ್. ಅಡಿಗೆ ರಬ್ಬರ್ ಬುಷ್, ಮೇಲೆ ಎರಡು ಇಟ್ಟಿಗೆ ತೂಕಕ್ಕೆ. ಮಗು ದಡದಲ್ಲಿ ಕೂತು, ಹಿಂದಕ್ಕೆ ತಿರುಗಿ, ಹೊಟ್ಟೆ ಮೇಲೆ ಜಾರಿ ಸ್ಟೂಲ್ ಮೇಲೆ ಕಾಲಿಡಬೇಕು. ಹತ್ತೋವಾಗ ಅದೇ ಉಲ್ಟಾ. ಏಣಿ ಮುಟ್ಟಲೇಬೇಡಿ.

ಎರಡನೇದು, ಯುಡಿಐಡಿ ಕಾರ್ಡಿನಲ್ಲಿ (ಸರ್ಕಾರ ಕೊಡೋ ಅಂಗವೈಕಲ್ಯದ ಗುರುತಿನ ಚೀಟಿ) ಬರೆದಿರೋ ಶೇಕಡಾವಾರಿಗೂ ಈಜಿನ ವರ್ಗಕ್ಕೂ ಸಂಬಂಧ ಇಲ್ಲ. ಎಷ್ಟೋ ಅಪ್ಪ ಅಮ್ಮ ಕಾರ್ಡು ನೋಡಿ ನಮ್ಮ ಮಗು ಇಂಥ ವರ್ಗ ಅಂದ್ಕೊಂಡು ಬರ್ತಾರೆ. ವರ್ಗೀಕರಣದ ದಿನ ಮೇಜಿನ ಮೇಲೆ ಮಲಗಿಸಿ ಒಂದೊಂದು ಕೀಲಿನ ಬಲ, ಬಾಗುವಿಕೆ ನೋಡಿ ಅಂಕ ಹಾಕ್ತಾರೆ. ಆಮೇಲೆ ನೀರಿಗೆ ಇಳಿಸಿ ನೋಡ್ತಾರೆ. ಆಮೇಲೆ ಸ್ಪರ್ಧೆಯಲ್ಲಿ ಈಜೋವಾಗಲೂ ಗಮನಿಸ್ತಾರೆ. ನನ್ನನ್ನ ಮೊದಲ ವರ್ಷ ಎಸ್9 ಅಂದರು, ಎರಡನೇ ವರ್ಷ ಎಸ್10 ಅಂದರು. ನನ್ನ ಕೈ ಎರಡು ಸಲವೂ ಅಷ್ಟೇ ಇತ್ತು. ರಾತ್ರಿ ಬೆಳಗಾಗೋದರೊಳಗೆ ಎರಡನೇ ಸ್ಥಾನದವನು ಏಳನೇ ಸ್ಥಾನಕ್ಕೆ ಬಂದೆ. ಟೋಕಿಯೊದಲ್ಲಿ ನಮ್ಮ ಡಿಸ್ಕಸ್ ಎಸೆತಗಾರ ವಿನೋದ್ ಕುಮಾರ್ ಕಂಚು ಗೆದ್ದು, ವರ್ಗಕ್ಕೆ ಸೇರಲ್ಲ ಅಂತ ಅದನ್ನ ವಾಪಸ್ ಕೊಡಬೇಕಾಗಿ ಬಂತಲ್ಲ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಕ್ಕೇ ಸಣ್ಣ ದೇಶದವರ ಕಷ್ಟ ನನಗೆ ಅರ್ಥ ಆಗೋದು. ಇಲ್ಲಿ ನನಗೆ ಅನ್ಯಾಯ ಆಯ್ತು ಅನ್ನಿಸಿದರೆ ಪಕ್ಕದಲ್ಲಿ ಮಾತಾಡೋಕೆ ಹತ್ತು ಜನ ಈಜುಗಾರರಿದ್ದರು, ಕೋಚ್ ಇದ್ದರು. ಒಬ್ಬಳೇ ಬಂದವಳಿಗೆ?

ಹುಬ್ಬಳ್ಳಿ ಮಂದಿ

ಒಬ್ಬಾಕಿ ಅಂದ ಕೂಡ್ಲೇ ನೆನಪಾತು. ಟೋಕಿಯೊದಾಗ ಕೇಪ್ ವರ್ಡಿ ಅನ್ನೋ ಸಣ್ಣ ದೇಶದ ಕಣ್ಣು ಕಾಣದ ಹುಡುಗಿ, ಕೆಯುಲಾ ಸೆಮೆಡೊ. 200 ಮೀಟರ್ ಓಡಿ ಮುಗಿಸಿದ ಮ್ಯಾಲ ಅಕಿನ ಜೊತಿ ಹಗ್ಗ ಹಿಡಕೊಂಡು ಓಡಿದಂವ ಟ್ರ್ಯಾಕಿನ ಮ್ಯಾಲ ಮೊಣಕಾಲೂರಿ ಉಂಗುರ ಕೊಟ್ಟ! ಏನ್ ಚಂದ ಇತ್ತು ಅಂತೀರಿ. ಉಳಿದ ಓಟಗಾರ್ತೇರು ಚಪ್ಪಾಳಿ ಹೊಡದ್ರು.

ಒಂಟಿ ಅಂಗೈ

ನೋಡಿದ್ದೀನಿ ಅಣ್ಣ, ನನಗೂ ಖುಷಿ ಆಯ್ತು. ಆದರೆ ಅದೇ ಕೇಪ್ ವರ್ಡಿಯ ಗ್ರಾಸೆಲಿನೊ ಬಾರ್ಬೋಸಾ ರಿಯೊದಲ್ಲಿ 400 ಮೀಟರ್ ಕಂಚು ಗೆದ್ದು ದೇಶದ ಮೊದಲ ಪ್ಯಾರಾಲಿಂಪಿಕ್ ಪದಕ ತಂದಿದ್ದು ಈ ವೇದಿಕೆಯಲ್ಲಿ ಯಾರಿಗಾದರೂ ಗೊತ್ತಾ? ಉಂಗುರದ ವಿಡಿಯೊ ನನಗೆ ಹದಿನಾಲ್ಕು ಜನ ಕಳಿಸಿದ್ದರು, "ಎಂಥ ಸ್ಫೂರ್ತಿ" ಅಂತ. ನಾನು ಬ್ಯಾಂಕಿಗೆ ಸ್ಕೂಟರಲ್ಲಿ ಹೋದರೂ ಸ್ಫೂರ್ತಿ ಅಂತಾರೆ. ನನ್ನ 100 ಮೀಟರ್ ಟೈಮಿಂಗ್ ಎಷ್ಟು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಹುಬ್ಬಳ್ಳಿ ಮಂದಿ

ಎಷ್ಟಪಾ ನಿನ್ನ ಟೈಮಿಂಗ್?

ಒಂಟಿ ಅಂಗೈ

1 ನಿಮಿಷ 9. ಈಗ ಹೊಟ್ಟೆ ಬಂದಿದೆ, ಈಗ ಕೇಳಬೇಡಿ.

ಲೆಕ್ಕದ ಗೌಡ

ನಾನೇ ಶುರು ಮಾಡಿದ ವಾದ, ನಾನೇ ತಿದ್ದುಪಡಿ ಹಾಕ್ತೀನಿ. ಜನಸಂಖ್ಯೆ ಪದಕದ ಅನುಪಾತ ಹಾಕಿ ಹೊಗಳೋದೂ ತಪ್ಪು, ತೆಗಳೋದೂ ತಪ್ಪು. ಲೆಕ್ಕ ಇಡಬೇಕಾಗಿದ್ದು 140 ಕೋಟಿ ಜನಕ್ಕಲ್ಲ, ಏಣಿ ಇಳಿದು ನೀರು ಮುಟ್ಟಿದ ಮಕ್ಕಳಿಗೆ. ಆ ಸಂಖ್ಯೆ ಇಲ್ಲಿ ಯಾರ ಹತ್ತಿರವೂ ಇಲ್ಲ. ಜಾವೆಲಿನ್‌ಗೆ ಒಂದು ಗದ್ದೆ ಬಯಲು ಸಾಕು, ಹೈಜಂಪ್‌ಗೆ ಮರಳು ಸಾಕು. ಗಿರೀಶ್ ಬಂದಿದ್ದೂ ಅರಕಲಗೂಡು ತಾಲೂಕಿನ ಹಳ್ಳಿಯಿಂದ. ಈಜಿಗೆ ಮಾತ್ರ ಬೇರೆಯವರು ಕಟ್ಟಿದ, ಬೇರೆಯವರು ಬೀಗ ಹಾಕೋ ಕೊಳ ಬೇಕು.

ಮಲ್ಲಿಗೆಯವರೇ, ಆ ಮಧ್ಯಾಹ್ನ ಒಂದು ಗಂಟೆಯ ಜಾಗ ಯಾವುದು ಅಂತ ನನಗೊಬ್ಬನಿಗೆ ಖಾಸಗಿಯಾಗಿ ಹೇಳಿ. ನಾನೂ ಮೈಸೂರಿನವನೇ. ಜಗಳಕ್ಕೆ ಹೋಗಲ್ಲ, ಸದಸ್ಯತ್ವ ಕೇಳೋಕೆ ಹೋಗ್ತೀನಿ.

ಮೈಸೂರು ಮಲ್ಲಿಗೆ

ಬೇಡ ಸಾರ್. ನೀವು ಲೆಕ್ಕ ಅಂದರೆ ಜಗಳ ಅಂತ ಇಡೀ ವೇದಿಕೆಗೆ ಗೊತ್ತು :)

ಪೀಟಿ ಮೇಷ್ಟ್ರು

ಶಂಕ್ರಣ್ಣ, ನಿಮ್ಮ ಸುತ್ತಿಗೆ ಇನ್ನೆರಡು ಸಣ್ಣ ದೇಶ ಕೊಡ್ತೀನಿ. ಭೂತಾನ್: ರಾಷ್ಟ್ರೀಯ ಕ್ರೀಡೆಯೇ ಬಿಲ್ಲುಗಾರಿಕೆ, ಆದರೂ ಪ್ಯಾರಾಲಿಂಪಿಕ್ಸ್‌ಗೆ ಮೊದಲ ಸಲ ಹೋಗಿದ್ದು ಟೋಕಿಯೊಗೆ, ಮೂರೇ ಜನ, ಒಬ್ಬ ಬಿಲ್ಲುಗಾರ, ಇಬ್ಬರು ಗುಂಡು ಎಸೆತದವರು. ಮಾರಿಷಸ್: ಯೊವಾನ್ನಿ ಫಿಲಿಪ್, ಪ್ಯಾರಿಸ್‌ನಲ್ಲಿ 400 ಮೀಟರ್ ಕಂಚು, ಆ ದೇಶದ ಮೊದಲ ಪ್ಯಾರಾಲಿಂಪಿಕ್ ಪದಕ. ಅವನದೂ ಬೌದ್ಧಿಕ ವೈಕಲ್ಯದ ವರ್ಗ, ಕೇಪ್ ವರ್ಡಿಯ ಬಾರ್ಬೋಸಾನದೂ ಅದೇ ಟಿ20 (ಕ್ರಿಕೆಟ್ ಅಲ್ಲ, ಓಟದಲ್ಲಿ ಆ ವರ್ಗದ ಹೆಸರು). ಆ ಬಾಗಿಲು ಮುಚ್ಚೇ ಇದ್ದಿದ್ದರೆ ಇಬ್ಬರೂ ಇಲ್ಲ.

ಕ್ವಿಜ್ ಶಂಕ್ರಣ್ಣ

ಬರ್ಕೊಂಡೆ ಮೇಷ್ಟ್ರೇ. ಏಳನೇ ಪ್ರಶ್ನೆ ಹೀಗೆ ಬದಲಾಯಿಸಿದ್ದೀನಿ: "2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೇರೆ ದೇಶದ ಬಾವುಟದ ಕೆಳಗೆ, ಅದೇ ವರ್ಷದ ಪ್ಯಾರಾಲಿಂಪಿಕ್ಸ್‌ನಲ್ಲಿ ತನ್ನದೇ ಬಾವುಟದ ಕೆಳಗೆ ಈಜುಗಾರರನ್ನು ಕಳಿಸಿದ ನಾಡು ಯಾವುದು?" ಸುಳಿವು: ಉಣ್ಣೆ ಟೋಪಿಯ ಗೋಲ್‌ಕೀಪರ್. ಹುಬ್ಬಳ್ಳಿಯವರ ಕಾಕಾಗೆ ಕೃತಜ್ಞತೆ.

ಮೈಸೂರು ಮಲ್ಲಿಗೆ

ಭಾನುವಾರ ಹೋಗಿ ಬಂದ್ವಿ. ಮನೆಯ ಸ್ಟೂಲ್ ತೇಲಿಬಿಡ್ತು, ಎರಡು ಇಟ್ಟಿಗೆ ಸಾಕಾಗಲಿಲ್ಲ, ಕೋಚ್ ಹೋಗಿ ಇನ್ನೆರಡು ತಂದರು. ಮೊದಲನೇ ಸಲ ಹೊಟ್ಟೆ ಮೇಲೆ ಜಾರೋವಾಗ ಭಯ ಪಟ್ಟಳು. ಮೂರನೇ ಸಲ ನನ್ನ ಕೈ ತಳ್ಳಿದಳು, ತಾನೇ ಇಳಿದಳು. ಹತ್ತೋಕೆ ಇನ್ನೂ ಬರ್ತಿಲ್ಲ, ಬಲಮೊಣಕೈ ಊರಿದರೆ ದಡದ ಕಲ್ಲು ಚುಚ್ಚುತ್ತೆ ಅಂತಾಳೆ.

ಒಂಟಿ ಅಂಗೈ ಅವರೇ, ಅದಕ್ಕೇನಾದರೂ ಇದೆಯಾ?

ಒಂಟಿ ಅಂಗೈ

ಯೋಗದ ಹಳೇ ಮ್ಯಾಟ್ ಇದ್ದರೆ ಎರಡು ಮಡಿಕೆ ಮಾಡಿ ದಡಕ್ಕೆ ಹಾಸಿ ಅಕ್ಕ. ಒದ್ದೆ ಆದರೂ ಜಾರಲ್ಲ. ಆಮೇಲೆ ಅವಳು ಎಷ್ಟು ಮೀಟರ್ ಹೋಗ್ತಾಳೆ, ಎಷ್ಟು ಸೆಕೆಂಡ್ ತಗೊಳ್ತಾಳೆ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ.

ಮೈಸೂರು ಮಲ್ಲಿಗೆ

14 ಮೀಟರ್. ಸೆಕೆಂಡ್ ನೋಡಲಿಲ್ಲ. ಮುಂದಿನ ವಾರ ವಾಚ್ ಕಟ್ಕೊಂಡು ಹೋಗ್ತೀನಿ.